ಕರಡಿ, ಸೀಲ್ ಮತ್ತು ಎಣ್ಮಕಜೆಯ ಹತ್ತನೇ ಕ್ಲಾಸು

1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ನಮ್ಮ ಕರಡಿಯನ್ನು ಕರಡಿಗಳ ಪಟ್ಟಿಯಿಂದಲೇ ಹೊರಗಿಟ್ಟ. ಆತ ಅದಕ್ಕಿಟ್ಟ ಶಾಸ್ತ್ರೀಯ ಹೆಸರು ಬ್ರಾಡಿಪಸ್ ಅರ್ಸಿನಸ್. ಬ್ರಾಡಿಪಸ್ ಎಂದರೆ ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ಜೋತುಬಿದ್ದು ದಿನ ಕಳೆಯುವ ಸ್ಲಾತ್‌ಗಳ ಕುಲ. ಬಳ್ಳಾರಿ ಸೀಮೆಯ ಬಂಡೆಗುಡ್ಡಗಳಲ್ಲಿ ಹುತ್ತ ಬಗೆದು ಗೆದ್ದಲು ತಿನ್ನುವ, ಸಿಟ್ಟು ಬಂದರೆ ಮನುಷ್ಯರನ್ನು ಅಟ್ಟಿಸಿಕೊಂಡು ಬರುವ ಪ್ರಾಣಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಎರಡೇ ವರ್ಷದಲ್ಲಿ, 1793ರಲ್ಲಿ, ಮೆಯರ್ ಎಂಬಾತ ಮೆಲರ್ಸಸ್ ಎಂಬ ಹೊಸ ಕುಲ ಮಾಡಿ ಅದನ್ನು ಕರಡಿಗಳ ಸಾಲಿಗೆ ಮರಳಿಸಿದ. ಇಂಗ್ಲಿಷಿನಲ್ಲಿ ಮಾತ್ರ ಅದು ಇಂದಿಗೂ ಸ್ಲಾತ್ ಬೇರ್.

ಶಾ ದಡ್ಡನೇನೂ ಆಗಿರಲಿಲ್ಲ. ಆತ ನೋಡಿದ್ದು ಉಗುರು ಮತ್ತು ಹಲ್ಲು. ಉಗುರುಗಳು ಉದ್ದ, ಬಾಗಿದ ಕೊಕ್ಕೆಯಂಥವು. ಬೇರೆ ಕರಡಿಗಳ ಬಾಯಲ್ಲಿ 42 ಹಲ್ಲುಗಳಿದ್ದರೆ ಇದಕ್ಕೆ 40. ಮೇಲ್ದವಡೆಯ ನಟ್ಟನಡುವೆ ಇರಬೇಕಾದ ಎರಡು ಬಾಚಿಹಲ್ಲುಗಳೇ ಇಲ್ಲ. ಆ ಸಂದು ಏಕಿದೆ ಎಂಬುದು ಕರಡಿ ಹುತ್ತದ ಮುಂದೆ ಕೂತಾಗ ಗೊತ್ತಾಗುತ್ತದೆ. ಉಗುರಿನಿಂದ ಹುತ್ತ ಒಡೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಮೊದಲು ಉಫ್ ಎಂದು ಮಣ್ಣು ಊದಿ ತೆಗೆಯುತ್ತದೆ. ಆಮೇಲೆ ಉದ್ದ ತುಟಿಗಳನ್ನು ಕೊಳವೆಯಂತೆ ಮುಂದೆ ಚಾಚಿ ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಆ ಸದ್ದು ನೂರು ಮೀಟರಿನಾಚೆಗೂ ಕೇಳಿಸುತ್ತದೆ. ಶಾ ನೆಂಟಸ್ತಿಕೆಯ ಗುರುತು ಎಂದು ಓದಿದ್ದು ಕಸುಬಿನ ಗುರುತಾಗಿತ್ತು.

ಇರುವೆ, ಗೆದ್ದಲು ತಿನ್ನುವ ಪ್ರಾಣಿಗಳು ಬೇರೆ ಬೇರೆ ವಂಶದವಾದರೂ ಹಲ್ಲು ಕಳೆದುಕೊಳ್ಳುತ್ತವೆ, ಉಗುರು ಬೆಳೆಸಿಕೊಳ್ಳುತ್ತವೆ. ನೀರಿಗಿಳಿದ ಪ್ರಾಣಿಗಳು ಯಾವ ಮನೆಯಿಂದ ಬಂದರೂ ಕಾಲನ್ನು ಹುಟ್ಟು ಮಾಡಿಕೊಳ್ಳುತ್ತವೆ. ಯಾವುದು ರಕ್ತಸಂಬಂಧ, ಯಾವುದು ಬರೀ ವೇಷ ಎಂದು ಬಿಡಿಸುವುದೇ ಪ್ರಾಣಿಗಳ ವರ್ಗೀಕರಣದ ನಿಜವಾದ ಕೆಲಸ. ಶಾಲೆಯ ಪುಸ್ತಕಗಳಲ್ಲಿ ಈ ಕೆಲಸ ಕಾಣುವುದಿಲ್ಲ. ಕಾಣುವುದು ಅದರ ಕೊನೆಯ ಕೋಷ್ಟಕ: ವಂಶ, ವರ್ಗ, ಗಣ, ಕುಟುಂಬ, ಕುಲ, ಜಾತಿ. ಮಕ್ಕಳು ಅದನ್ನು ಮಗ್ಗಿಯಂತೆ ಉರುಹೊಡೆಯುತ್ತಾರೆ. ದೊಡ್ಡ ದೊಡ್ಡ ವಿದ್ವಾಂಸರು ಹೇಗೆ ಎಡವಿದರು, ಯಾವ ಎಲುಬು ಯಾರ ಮಾತನ್ನು ಸುಳ್ಳು ಮಾಡಿತು ಎಂಬ ರುಚಿಯಾದ ಭಾಗವನ್ನೇ ಕತ್ತರಿಸಿ ಬಿಸಾಡಿ, ಉಳಿದ ಒಣ ಸಿಪ್ಪೆಯನ್ನು ಪಾಠ ಎಂದು ಕೊಡುತ್ತಿದ್ದೇವೆ.

ಈ ಮಾತನ್ನು ಎಣ್ಮಕಜೆಯ ನೆಪದಲ್ಲಿ ಹೇಳುವುದಕ್ಕೆ ಕಾರಣವಿದೆ. ಪೆರ್ಲ, ಪಡ್ರೆ, ಶೇಣಿ, ಕಾಟುಕುಕ್ಕೆ, ಸ್ವರ್ಗ ಎಂಬ ಊರುಗಳ ಈ ಪಂಚಾಯತು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ, ಗಡಿ ದಾಟಿದರೆ ಕರ್ನಾಟಕ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮಲಯಾಳವೋ ಮರಾಠಿಯೋ ಆಡುವ ಮಕ್ಕಳು ಇಲ್ಲಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕೇರಳ ಸರಕಾರದ ಪಠ್ಯವನ್ನು ಕನ್ನಡದಲ್ಲಿ ಓದುತ್ತಾರೆ. ಆ ಪಠ್ಯದ ಹತ್ತನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಇದೆ. 2023ರಲ್ಲಿ ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದಾಗ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ಪ್ರತಿಭಟಿಸಿದ್ದರು. ಗಡಿನಾಡಿನ ಕನ್ನಡದ ಮಗುವಿಗೆ ಸವಲತ್ತುಗಳಿಗಿಂತ ಕೊರತೆಗಳೇ ಹೆಚ್ಚು. ಈ ಒಂದು ವಿಷಯದಲ್ಲಿ ಮಾತ್ರ ಪಟ್ಟಣದ ಸಿಬಿಎಸ್‌ಇ ಶಾಲೆಯ ಮಗುವಿಗಿಂತ ಅದರ ಚೀಲ ಭಾರವಾಗಿದೆ. ಇದ್ದದ್ದನ್ನು ಚೆನ್ನಾಗಿ ಬಳಸಿಕೊಳ್ಳುತ್ತಿದ್ದೇವೆಯೇ ಎಂಬುದು ಪ್ರಶ್ನೆ.

ಕಷ್ಟವೇನೆಂದರೆ ಎಣ್ಮಕಜೆಯ ನೆಲ ಈ ವಿಷಯದಲ್ಲಿ ಮೂಕ. ಇಲ್ಲಿ ಮುರಕಲ್ಲಿನ ಗುಡ್ಡಗಳಿಗೆ ಅಡ್ಡಡ್ಡ ಸುರಂಗ ಕೊರೆದು ನೀರು ತರುವ ಪದ್ಧತಿ ತಲೆಮಾರುಗಳಿಂದ ಇದೆ. ಇಷ್ಟೊಂದು ಗುಡ್ಡಗಳ ಒಡಲು ಬಗೆದರೂ ಹಳೆಯ ಕಾಲದ ಮೃಗಗಳ ಮೂಳೆ ಕೈಗೆ ಸಿಗುವ ನೆಲ ಇದಲ್ಲ. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸುಣ್ಣ, ಸಿಲಿಕವನ್ನೆಲ್ಲ ತೊಳೆದು ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮನ್ನು ಉಳಿಸಿದ್ದರಿಂದಲೇ ಮುರಕಲ್ಲು ಹುಟ್ಟಿದ್ದು. ಆ ಹುಳಿ ಮಣ್ಣಿನಲ್ಲಿ ಮೂಳೆಯ ಕ್ಯಾಲ್ಸಿಯಂ ಕರಗಿ ಹೋಗುತ್ತದೆ. ಕರಡಿಗಳ ಹಿಂದಿನವರನ್ನು ನೋಡಬೇಕಾದರೆ ಬೇರೆಡೆಗೆ ಹೋಗಬೇಕು.

ಹತ್ತಿರದ ಜಾಗ ಆಂಧ್ರದ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳು. ಸುಣ್ಣಕಲ್ಲಿನ ಆ ಗುಹೆಗಳನ್ನು 1884-85ರಲ್ಲಿ ಅಗೆಸಿದವ ರಾಬರ್ಟ್ ಬ್ರೂಸ್ ಫೂಟ್. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಗ್ರಂಥ ಬರೆದ ಅದೇ ಫೂಟ್. ಅಲ್ಲಿ ಸಿಕ್ಕ ಮೂಳೆಗಳನ್ನು ರಿಚರ್ಡ್ ಲಿಡೆಕ್ಕರ್ 1886ರಲ್ಲಿ ವಿವರಿಸಿದ. ಇದೇ ಲಿಡೆಕ್ಕರ್ ಅದಕ್ಕೆ ಮೊದಲು, 1884ರಲ್ಲಿ, ಶಿವಾಲಿಕ ಬೆಟ್ಟಗಳ ಒಂದು ತಲೆಬುರುಡೆಯನ್ನು ನಮ್ಮ ಕರಡಿಯ ಪೂರ್ವಜನಂತಿದೆ ಎಂದು ಗುರುತಿಸಿ ಥಿಯೋಬಾಲ್ಡನ ಕರಡಿ ಎಂದು ಹೆಸರಿಸಿದ್ದ. ಇಂದು ಅದು ಮೆಲರ್ಸಸ್ ಥಿಯೋಬಾಲ್ಡಿ.

ಶಿವಾಲಿಕವೇ ಒಂದು ಕಣಜ. ಸಹಾರನಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವೈದ್ಯ ಹ್ಯೂ ಫಾಲ್ಕನರ್, ಕಾಲುವೆ ತೋಡಿಸುತ್ತಿದ್ದ ಎಂಜಿನಿಯರ್ ಪ್ರಾಬಿ ಕಾಟ್ಲಿ, ಈ ಇಬ್ಬರು ಹವ್ಯಾಸಿಗಳು ಅಲ್ಲಿಂದ ಗಾಡಿಗಟ್ಟಲೆ ಎಲುಬು ಹೊರಿಸಿದರು. 1836ರಲ್ಲಿ ಅವರು ವರ್ಣಿಸಿದ ದೈತ್ಯವೊಂದಕ್ಕೆ ಇಟ್ಟ ಹೆಸರು ಅರ್ಸಸ್ ಸಿವಾಲೆನ್ಸಿಸ್, ಅಂದರೆ ಶಿವಾಲಿಕದ ಕರಡಿ. ಆದರೆ ಅದರ ಹಲ್ಲುಗಳು ಸೊಪ್ಪು-ಸದೆ ಅಗಿಯುವ ಈಗಿನ ಕರಡಿಗಳ ಹಾಗಿರಲಿಲ್ಲ. ಮಾಂಸ ಕತ್ತರಿಸುವ ಅಂಚು ಇತ್ತು. ಹಾಗಾಗಿ ಆಮೇಲೆ ಕತ್ತೆಕಿರುಬವನ್ನೂ ಕರಡಿಯನ್ನೂ ಕೂಡಿಸಿ ಹಯೆನಾರ್ಕ್ಟೋಸ್ ಎಂದರು. ಕೊನೆಗೆ 1837ರಲ್ಲೇ ವಾಗ್ನರ್ ಇಟ್ಟಿದ್ದ ಅಗ್ರಿಯೋಥೀರಿಯಂ ಎಂಬ ಹೆಸರು ನಿಂತಿತು. ಒಂದೇ ಪ್ರಾಣಿಗೆ ಇಷ್ಟು ನಾಮಕರಣ. 1913ರಲ್ಲಿ ಗೈ ಪಿಲ್‌ಗ್ರಿಂ ಸಾಲ್ಟ್ ರೇಂಜಿನ ಪಳೆಯುಳಿಕೆಯಿಂದ ಇಂಡಾರ್ಕ್ಟೋಸ್ ಎಂಬ ಇನ್ನೊಂದು ಕುಲವನ್ನೇ ಸ್ಥಾಪಿಸಿದ. ಭಾರತದ ಹೆಸರು ಹೊತ್ತ ಈ ಕರಡಿಕುಲ ಆಮೇಲೆ ಯುರೋಪು, ಉತ್ತರ ಅಮೆರಿಕಗಳಲ್ಲೂ ಸಿಕ್ಕಿತು. ನಮ್ಮ ಹತ್ತನೇ ತರಗತಿಯ ಎಷ್ಟು ಮಕ್ಕಳು ಈ ಹೆಸರು ಕೇಳಿದ್ದಾರೆ? ಡೈನೋಸಾರ್ ಎಂದರೆ ಟಿ. ರೆಕ್ಸ್ ಎನ್ನುವಷ್ಟು ಸಲೀಸಾಗಿ ಇಂಡಾರ್ಕ್ಟೋಸ್ ಅವರ ಬಾಯಿಗೆ ಬರಬೇಕಿತ್ತು.

ಇನ್ನೂ ಗೋಜಲಿನದು ಕರಡಿನಾಯಿಗಳ ಕತೆ. 1836ರಲ್ಲಿ ಫ್ರಾನ್ಸಿನ ಸಾನ್ಸಾನ್ ಎಂಬಲ್ಲಿ ಸಿಕ್ಕ ಮೂಳೆಗಳಿಗೆ ಎದುವಾರ್ ಲಾರ್ತೆ ಆಂಫಿಸಿಯಾನ್ ಎಂದು ಹೆಸರಿಟ್ಟ. ದೇಹ ಕರಡಿಯಂತೆ ದಪ್ಪ, ಹಲ್ಲು ನಾಯಿ ತೋಳಗಳಂತೆ. ಕೆಲವರು ನಾಯಿಗಳ ಕುಟುಂಬಕ್ಕೆ ಸೇರಿಸಿದರು, ಕೆಲವರು ಕರಡಿಗಳದ್ದಕ್ಕೆ. ಎರಡೂ ಅಲ್ಲ, ಅದು ಸಂತತಿಯೇ ಉಳಿಯದೆ ಅಳಿದುಹೋದ ಪ್ರತ್ಯೇಕ ಕುಟುಂಬ ಎಂಬುದು ಈಗಿನ ನಿಲುವು. ಅದರ ಒಂದು ಜಾತಿ, ಆಂಫಿಸಿಯಾನ್ ಪಾಲಿಂಡಿಕಸ್, ನಮ್ಮ ಉಪಖಂಡದಲ್ಲೂ ಓಡಾಡಿಕೊಂಡಿತ್ತು. ಇದೇ ಲಾರ್ತೆ ವಿವರಿಸಿದ ಹೆಮಿಸಿಯಾನ್, ಅಂದರೆ ಅರ್ಧ ನಾಯಿ, ಹೆಸರಿಗೆ ನಾಯಿಯಾದರೂ ಕರಡಿಗಳ ಕಡೆಯದು. ಬೆರಳುಗಳ ಮೇಲೆ ಓಡುತ್ತಿದ್ದ ಕರಡಿ!

ಸೀಲ್‌ಗಳದ್ದು ಇದಕ್ಕಿಂತ ದೊಡ್ಡ ವ್ಯಾಜ್ಯ. ಅರಬ್ಬಿ ಸಮುದ್ರದಲ್ಲಿ ಸೀಲ್‌ಗಳ ನೆಲೆಯಿಲ್ಲ, ಹಾಗಾಗಿ ಕರಾವಳಿಯವರಿಗೂ ಅವು ಟೀವಿಯ ಪ್ರಾಣಿಗಳೇ. ಅವುಗಳಲ್ಲಿ ಎರಡು ಬಗೆಯ ನಡಿಗೆ ಇದೆ. ಕಡಲಸಿಂಹಗಳು ಮುಂದಿನ ರೆಕ್ಕೆಗಾಲುಗಳಿಂದ ಈಜುತ್ತವೆ. ದಡಕ್ಕೆ ಬಂದರೆ ಹಿಂಗಾಲುಗಳನ್ನು ಮುಂದಕ್ಕೆ ಮಡಚಿ ನಾಲ್ಕು ಕಾಲಲ್ಲಿ ಓಡುತ್ತವೆ. ನಿಜವಾದ ಸೀಲ್‌ಗಳು ಹಿಂಗಾಲುಗಳಿಂದ ನೀರನ್ನು ತಳ್ಳುತ್ತವೆ. ದಡದಲ್ಲಿ ಹೊಟ್ಟೆ ಎಳೆದುಕೊಂಡೇ ಹೋಗಬೇಕು. ಈ ವ್ಯತ್ಯಾಸ ಕಂಡು 1885ರಲ್ಲಿ ಸೇಂಟ್ ಜಾರ್ಜ್ ಮೈವಾರ್ಟ್ ಎರಡಕ್ಕೂ ಮೂಲ ಬೇರೆ ಎಂದ: ಕಡಲಸಿಂಹಗಳು ಕರಡಿಯಂಥವುಗಳಿಂದ, ಸೀಲ್‌ಗಳು ನೀರುನಾಯಿಯಂಥವುಗಳಿಂದ. ಈ ವಾದ ನೂರು ವರ್ಷ ಗಟ್ಟಿಯಾಗಿ ನಿಂತಿತು.

ತಾಳಮದ್ದಳೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರಿನೊಂದಿಗೆ ನಾಡಿಗೆಲ್ಲ ಪರಿಚಿತವಾದ ಊರಿರುವ ಪಂಚಾಯತಿನಲ್ಲಿ ಈ ವ್ಯಾಜ್ಯವನ್ನು ವಿವರಿಸುವುದು ಸುಲಭ. ಈ ಸೀಮೆಯವರಿಗೆ ಕರಡಿ ಎಂದರೆ ಮೊದಲು ನೆನಪಾಗುವವನೇ ಜಾಂಬವತಿ ಕಲ್ಯಾಣದ ಜಾಂಬವ. ತಾಳಮದ್ದಳೆಯಲ್ಲಿ ಭಾಗವತರ ಪದ್ಯ ಒಂದೇ. ಅದಕ್ಕೆ ಜಾಂಬವ ಹೇಳುವ ಅರ್ಥ ಒಂದು, ಕೃಷ್ಣ ಹೇಳುವ ಅರ್ಥ ಇನ್ನೊಂದು, ಇಬ್ಬರೂ ಪದ್ಯವನ್ನು ಮೀರುವಂತಿಲ್ಲ. ಸೀಲ್‌ಗಳ ವಿಷಯದಲ್ಲೂ ಎಲುಬು ಅದೇ ಇತ್ತು, ಅರ್ಥ ಬೇರೆಯಾಗಿತ್ತು. 1969ರಲ್ಲಿ ವಿನ್ಸೆಂಟ್ ಸಾರಿಚ್ ರಕ್ತದ ಆಲ್ಬುಮಿನ್ ಪ್ರೋಟೀನನ್ನು ಹೋಲಿಸಿ ಎಲ್ಲಕ್ಕೂ ಮೂಲ ಒಂದೇ ಎಂದ. 1987ರಲ್ಲಿ ಆಂಡ್ರೆ ವಿಸ್ ವಾಲ್ರಸ್‌ನ ಕಿವಿಯೆಲುಬುಗಳನ್ನು ನೋಡಿ ಎಲುಬಿನ ಕಡೆಯಿಂದಲೇ ಅದೇ ಮಾತು ಹೇಳಿದ. ಬಳಿಕ ಬಂದ ಡಿಎನ್‌ಎ ಅಧ್ಯಯನಗಳೂ ಏಕಮೂಲವನ್ನೇ ಎತ್ತಿ ಹಿಡಿದವು. ಮೈವಾರ್ಟ್‌ನ ಪಕ್ಷ ಸೋತಿತು.

ಹಾಗೆಂದು ಎಲ್ಲ ಇತ್ಯರ್ಥವಾಗಿಲ್ಲ. ಸೀಲ್‌ಗಳ ಅತಿ ಹತ್ತಿರದ ನೆಂಟರು ನೀರುನಾಯಿ, ರಕೂನ್, ಕೆಂಪು ಪಾಂಡಾಗಳ ಗುಂಪಿನವರು ಎಂದು ಡಿಎನ್‌ಎ ಹೇಳುತ್ತದೆ. ಕೆಲವು ಪಳೆಯುಳಿಕೆಗಳು ಮಾತ್ರ ಕರಡಿಯ ಕಡೆಗೆ ಕೈ ತೋರಿಸುತ್ತವೆ.

ನೆಲದಿಂದ ನೀರಿಗಿಳಿದ ದಾರಿ ಹೇಗಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಆಕಸ್ಮಿಕವಾಗಿ. 2007ರ ಬೇಸಗೆಯಲ್ಲಿ ಕೆನಡಾದ ಉತ್ತರ ತುದಿಯ ಡೆವನ್ ದ್ವೀಪದಲ್ಲಿ ನಟಾಲಿಯಾ ರಿಬ್ಚಿನ್ಸ್ಕಿ ಅವರ ತಂಡದ ಗಾಡಿಯಲ್ಲಿ ಇಂಧನ ಮುಗಿಯಿತು. ಕಾಯುತ್ತ ನಿಂತಲ್ಲೇ ಮೂಳೆಯೊಂದು ಕಣ್ಣಿಗೆ ಬಿತ್ತು. ಅಗೆಯುತ್ತ ಹೋದಂತೆ ಅಸ್ಥಿಪಂಜರದ ಸುಮಾರು ಮೂರನೇ ಎರಡರಷ್ಟು ಭಾಗ ಸಿಕ್ಕಿತು. ಒಂದು ಮೀಟರಿನಷ್ಟು ಉದ್ದ, ನೀಳ ಬಾಲ, ರೆಕ್ಕೆಗಾಲಿಲ್ಲ, ಬೆರಳುಗಳ ನಡುವೆ ಜಾಲಪಾದವಿದ್ದ ಲಕ್ಷಣ. ನೋಡಿದರೆ ನೀರುನಾಯಿ, ತಲೆಬುರುಡೆ ಮಾತ್ರ ಸೀಲ್‌ನದ್ದು. ಎರಡು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಅದು ಬದುಕಿದ್ದು ಸಿಹಿನೀರಿನ ಕೆರೆಯಲ್ಲಿ. 2009ರಲ್ಲಿ ಅದಕ್ಕೆ ಪುಯ್ಜಿಲಾ ಡಾರ್ವಿನಿ ಎಂದು ಹೆಸರಿಟ್ಟರು. ನೆಲದ ಪ್ರಾಣಿ ಮೊದಲು ತೋಡು, ಕೆರೆಗಳಲ್ಲಿ ಬೇಟೆ ಕಲಿತು ಆಮೇಲೆ ಕಡಲಿಗಿಳಿದಿರಬಹುದು ಎಂದು ಡಾರ್ವಿನ್ ಬಹಳ ಹಿಂದೆಯೇ ಊಹಿಸಿದ್ದ.

ಫ್ರಾನ್ಸಿನ ಪೊಟಮೋಥೀರಿಯಂ ಎಂಬ ಇನ್ನೊಂದು ಪ್ರಾಣಿಯನ್ನು ಬಹುಕಾಲ ನೀರುನಾಯಿ ಎಂದೇ ನಂಬಿದ್ದರು. 2023ರಲ್ಲಿ ಅದರ ತಲೆಬುರುಡೆಯೊಳಗಿನ ಮಿದುಳಿನ ಅಚ್ಚನ್ನು ಪರಿಶೀಲಿಸಿದವರಿಗೆ, ಮೀಸೆಯ ಸ್ಪರ್ಶವನ್ನು ಅರಿಯುವ ಭಾಗ ದೊಡ್ಡದಾಗಿದ್ದುದು ಕಂಡಿತು. ಸೀಲ್‌ಗಳು ಕದಡಿದ ನೀರಿನಲ್ಲಿ ಮೀನಿನ ಜಾಡು ಹಿಡಿಯುವುದೂ ಮೀಸೆಯಿಂದಲೇ. ಈಗ ಅದಕ್ಕೂ ಸೀಲ್‌ಗಳ ವಂಶದ ಬುಡದಲ್ಲಿ ಜಾಗ ಸಿಗುತ್ತಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೋಲ್ಪೊನೋಮಸ್ ಇನ್ನೂ ವಿಚಿತ್ರ. ಕಡಲ ಬಂಡೆಗೆ ಕಚ್ಚಿಕೊಂಡ ಚಿಪ್ಪಿಗಳನ್ನು ದವಡೆಯಿಂದ ಮೀಟಿ ಎಬ್ಬಿಸಿ ಪುಡಿಮಾಡುತ್ತಿದ್ದ ಪ್ರಾಣಿ ಅದು. 1960ರಲ್ಲಿ ರಕೂನಿನ ಬಳಗಕ್ಕೆ ಹಾಕಿದ್ದರು, 1994ರಲ್ಲಿ ಕರಡಿಗಳ ಕಡೆಗೆ ತಂದರು.

ಇದೆಲ್ಲ ಪಂಡಿತರ ಕಾಲಹರಣ ಎನ್ನುವವರಿದ್ದಾರೆ. ಎಣ್ಮಕಜೆಯವರು ಹಾಗೆನ್ನಲಾರರು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮೊದಲಾದವರು ಊರಿನ ರೋಗಗಳ ಬಗ್ಗೆ ದನಿಯೆತ್ತಿದರು. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಪಡ್ರೆಯ ಮಾದರಿಗಳಲ್ಲಿ ಈ ವಿಷದ ಶೇಷವಿದೆ ಎಂದು ವರದಿ ಕೊಟ್ಟಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿತು.

ಎಂಡೋಸಲ್ಫಾನ್‌ನ ರಾಸಾಯನಿಕ ಕುಟುಂಬದ್ದೇ ಇನ್ನೊಂದು ವಿಷ ಡೀಲ್ಡ್ರಿನ್. 1950ರ ದಶಕದ ಕೊನೆಯಿಂದ ಬ್ರಿಟನ್ನಿನ ಹೊಳೆಗಳಲ್ಲಿ ನೀರುನಾಯಿಗಳು ಕಾಣೆಯಾದಾಗ ತಜ್ಞರ ಬೆರಳು ಹೋದದ್ದು ಅದರತ್ತ. ಬಾಲ್ಟಿಕ್ ಸಮುದ್ರದಲ್ಲಿ 1970ರ ದಶಕದಲ್ಲಿ ಹೆಣ್ಣು ಸೀಲ್‌ಗಳ ಗರ್ಭಕೋಶ ಕಟ್ಟಿಕೊಂಡು ಮರಿಗಳೇ ಹುಟ್ಟದಂತಾದಾಗ ಸಂಶಯ ಬಿದ್ದದ್ದು ಡಿಡಿಟಿ, ಪಿಸಿಬಿಗಳ ಮೇಲೆ. ಮೀನು ತಿಂದು ಬದುಕುವ ಮಾಂಸಾಹಾರಿಯ ಕೊಬ್ಬಿನಲ್ಲಿ ಇಂಥ ವಿಷ ಸಂಗ್ರಹವಾಗುತ್ತ ಹೋಗುತ್ತದೆ. ಹೊಳೆಯ ನೀರಿನಲ್ಲಿ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇರುವುದು ಅವುಗಳ ಮೈಯಲ್ಲಿ ಮಾರಕವಾಗುವಷ್ಟಾಗುತ್ತದೆ. ಹೊಳೆಯಲ್ಲಿ ನೀರುನಾಯಿ ಇದೆಯೇ ಇಲ್ಲವೇ ಎಂಬ ಸರಳ ಪ್ರಶ್ನೆ ಹೀಗೆ ಆ ಹೊಳೆಯ ನೀರು ಕುಡಿಯುವವರ ಪ್ರಶ್ನೆಯೂ ಆಗುತ್ತದೆ. ಕರ್ನಾಟಕ 2015ರಲ್ಲಿ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಘಟ್ಟದಿಂದ ಪಡುವಣಕ್ಕೆ ಇಳಿಯುವ ಹೊಳೆಗಳಿಗೆ ಆ ಭಾಗ್ಯ ಬಂದಿಲ್ಲ.

ವರ್ಗೀಕರಣ ತಪ್ಪಿದರೆ ಸಂರಕ್ಷಣೆ ಹೇಗೆ ದಾರಿ ತಪ್ಪಬಹುದು ಎಂಬುದಕ್ಕೂ ಹತ್ತಿರದ ಉದಾಹರಣೆ ಇದೆ: ಮಲಬಾರ್ ಪುನುಗು ಬೆಕ್ಕು. 1862ರಲ್ಲಿ ಎಡ್ವರ್ಡ್ ಬ್ಲೈತ್ ಹೆಸರಿಸಿದ ಈ ಪ್ರಾಣಿ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. 1987ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಅದರ ಚರ್ಮಗಳು ಸಿಕ್ಕಾಗ ದೊಡ್ಡ ಸುದ್ದಿಯಾಯಿತು. ಅದು ನಿಜಕ್ಕೂ ಬೇರೆಯೇ ಒಂದು ಜಾತಿಯೇ, ಅಥವಾ ಪುನುಗಿನ ವ್ಯಾಪಾರಕ್ಕಾಗಿ ಹೊರಗಿನಿಂದ ತಂದ ಬೆಕ್ಕುಗಳ ಸಂತತಿಯೇ ಎಂದು 2010ರಲ್ಲಿ ನಂದಿನಿ ರಾಜಮಣಿ ಮತ್ತು ದಿವ್ಯಾ ಮುದ್ದಪ್ಪ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಕೇಳಿದರು. ಬೇರೆ ಜಾತಿಯೇ ಆಗಿದ್ದರೆ ಉಳಿಸಲು ತಡವಾಗಿದೆ. ಅಲ್ಲದಿದ್ದರೆ ಇಲ್ಲದ ಪ್ರಾಣಿಗಾಗಿ ಹುಡುಕುತ್ತಿದ್ದೇವೆ. ಹೆಸರಿನ ಹಿಂದಿನ ಎಲುಬು, ಚರ್ಮ, ಡಿಎನ್‌ಎ ಸರಿಯಾಗಿ ನೋಡುವವರಿಲ್ಲದೆ ಇದು ಬಗೆಹರಿಯದು.

ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಹಾರುವ ಓತಿಯ ಬೆನ್ನು ಹತ್ತಿದ ಸಂಭ್ರಮ ಗೊತ್ತು. ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಹಾರುವ ಓತಿ ಇಂದಿಗೂ ಮರದಿಂದ ಮರಕ್ಕೆ ತೇಲುತ್ತದೆ. ಅದೇ ತೋಟದ ಬದಿಯಲ್ಲಿ ರಾತ್ರಿ ಕೂಗುವ ನರಿಯೂ ತೋಡಿನ ನೀರುನಾಯಿಯೂ ಸೀಲ್, ಕರಡಿಗಳಿರುವ ದೊಡ್ಡ ಕವಲಿಗೆ ಸೇರಿದವು. ಕೋಳಿಗೂಡಿಗೆ ನುಗ್ಗುವ ಮುಂಗುಸಿ, ಪುನುಗು ಬೆಕ್ಕುಗಳು ಹುಲಿಯ ಕವಲಿನವು. ಈ ಮಾತಿನಿಂದ ಪಾಠ ಶುರುಮಾಡಿದರೆ ಹತ್ತನೇ ತರಗತಿಯ ಮಕ್ಕಳು ಇಂಡಾರ್ಕ್ಟೋಸ್‌ವರೆಗೂ ತಾವಾಗಿ ನಡೆದು ಹೋಗುತ್ತಾರೆ.

ಅದಕ್ಕೆ ದುಡ್ಡಿಗಿಂತ ಮನಸ್ಸು ಬೇಕು. ಕಾಸರಗೋಡು ಜಿಲ್ಲಾ ಪಂಚಾಯತು 2023ರಲ್ಲಿ ತನ್ನದೇ ಪ್ರಾಣಿ, ಹಕ್ಕಿ, ಮರ, ಹೂವನ್ನು ಘೋಷಿಸಿಕೊಂಡು ಒಳ್ಳೆಯ ಮೇಲ್ಪಂಕ್ತಿ ಹಾಕಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯತುಗಳು ಜನತಾ ಜೀವವೈವಿಧ್ಯ ದಾಖಲೆ ಇಡಬೇಕು. ಎಣ್ಮಕಜೆಯ ಶಾಲೆಗಳ ಮಕ್ಕಳು ಹೊಳೆಬದಿಯ ಬಂಡೆಗಳ ಮೇಲೆ ಮೀನಿನ ಪೊರೆ, ಏಡಿಯ ಚಿಪ್ಪು ತುಂಬಿದ ನೀರುನಾಯಿಯ ಹಿಕ್ಕೆ ಹುಡುಕಿ, ಅಳತೆ ತೆಗೆದು, ತಾರೀಕು ಹಾಕಿ ಆ ದಾಖಲೆಗೆ ಸೇರಿಸಲಿ. ಸಿಗದಿದ್ದರೆ ಸಿಗಲಿಲ್ಲ ಎಂದೂ ಬರೆಯಲಿ, ಅದೂ ಮಾಹಿತಿಯೇ. ಕನ್ನಡ ಪಠ್ಯ ಸಿದ್ಧಪಡಿಸುವವರು ವಿಕಾಸದ ಪಾಠಕ್ಕೆ ಎರಡು ಪುಟ ಹೆಚ್ಚು ಕೊಟ್ಟು ಶಾನ ತಪ್ಪನ್ನೂ ಮೈವಾರ್ಟ್‌ನ ಸೋಲನ್ನೂ ಫಾಲ್ಕನರ್‌ನ ಕರಡಿಯ ಮೂರು ಹೆಸರುಗಳನ್ನೂ ಅದರಲ್ಲಿ ಹಾಕಲಿ. ಮುಂದಿನ ಶೈಕ್ಷಣಿಕ ವರ್ಷ ಜೂನ್‌ನಲ್ಲಿ ಶುರುವಾಗುವ ಹೊತ್ತಿಗೆ ಪೆರ್ಲದ ಪಂಚಾಯತು ಕಚೇರಿ ಮತ್ತು ಶಾಲೆಗಳ ಮುಖ್ಯೋಪಾಧ್ಯಾಯರು ಒಟ್ಟಿಗೆ ಕೂತು ಇದನ್ನು ತೀರ್ಮಾನಿಸಬೇಕು.